ಮಚ್ಚು ಬೀಸಿದ್ರೆ ಮಾತ್ರ ಅಂಡರ್‌ವರ್ಲ್ಡ್ ಸಿನಿಮಾನಾ?

ಇವತ್ತು ಬೆಳಗ್ಗೆ ಮಲ್ಲೇಶ್ವರದ ಒಂದು ದರ್ಶಿನಿಯಲ್ಲಿ ನಿಂತು ಖಾಲಿ ದೋಸೆ ತಿಂತಿದ್ದೆ. ಪಕ್ಕದ ಟೇಬಲ್ಲಲ್ಲಿ ಇಬ್ಬರು ಹುಡುಗರು ಕನ್ನಡದ ಬೆಸ್ಟ್ ರೌಡಿಸಂ ಸಿನಿಮಾ ಯಾವುದು ಅಂತ ಜೋರು ವಾದ ಮಾಡ್ತಿದ್ರು. ‘ಓಂ’ ಬಂತು, ‘ಜೋಗಿ’ ಬಂತು, ‘ಆ ದಿನಗಳು’ ಬಂತು. ಕಾದೆ, ಕಾದೆ, ಕೊನೆಗೆ ತಡೆಯೋಕಾಗದೆ ‘ಎದೆಗಾರಿಕೆ’ ಅಂದೆ. ಒಬ್ಬ ದೋಸೆ ಬಿಟ್ಟು ನನ್ನ ಮುಖ ನೋಡಿದ: “ಹಂಗಂತ ಒಂದು ಸಿನಿಮಾ ಇದ್ಯಾ ಅಂಕಲ್?”

ಹುಡುಗರ ಮೇಲೆ ಸಿಟ್ಟಿಲ್ಲ. ಅವರಿಗೆ ಹೇಳಬೇಕಾಗಿದ್ದ ನಮ್ಮ ವಯಸ್ಸಿನವರ ಮೇಲೆ ಸಿಟ್ಟು. 2012ರಲ್ಲಿ ಬಂದ ಸಿನಿಮಾ. ಅಗ್ನಿ ಶ್ರೀಧರ್ ಕಾದಂಬರಿ, ಸುಮನಾ ಕಿತ್ತೂರು ನಿರ್ದೇಶನ. ಒಬ್ಬ ಹೆಣ್ಣುಮಗಳು ಭೂಗತ ಲೋಕದ ಕಥೆ ಹಿಡಿದು ಇಷ್ಟು ಗಟ್ಟಿಯಾಗಿ ನಿಂತಿದ್ದನ್ನೇ ನಾವು ಊರೆಲ್ಲ ಹೇಳಿಕೊಂಡು ಓಡಾಡಬೇಕಿತ್ತು.

ಕಥೆ ಇಷ್ಟೇ. ಸೋನಾ ಅನ್ನೋ ಶೂಟರ್. ಅವನನ್ನ ಮುಗಿಸಬೇಕು ಅಂತ ತೀರ್ಮಾನ ಆಗಿದೆ, ಅದು ಅವನಿಗೂ ಗೊತ್ತಾಗುತ್ತೆ. ಸಕಲೇಶಪುರದ ಹಸಿರಿನ ನಡುವೆ ಕೊಲ್ಲೋರು, ಸಾಯೋನು ಎದುರುಬದುರು ಕೂತು ಮಾತಾಡ್ತಾರೆ. ಸೋನಾ ಆಗಿ ಆದಿತ್ಯ. ‘ಡೆಡ್ಲಿ ಸೋಮ’ದಲ್ಲಿ ಅಬ್ಬರಿಸಿದ ಅದೇ ಆದಿತ್ಯ ಇಲ್ಲಿ ದನಿ ತಗ್ಗಿಸಿ, ಸುಮ್ಮನೆ ಕೂತೇ ಎದೆ ನಡುಗಿಸ್ತಾನೆ. ಇನ್ನೊಂದು ಕಡೆ ಅತುಲ್ ಕುಲಕರ್ಣಿ. ಆ ಮನುಷ್ಯನ ಕಣ್ಣಲ್ಲಿರೋ ಹಿಂಸೆ ನೋಡಿದ್ರೆ ಸಾಯೋಕೆ ಹೊರಟಿರೋದು ಯಾರು ಅಂತಲೇ ಗೊತ್ತಾಗಲ್ಲ. ಸುಮನಾ ಎಲ್ಲೂ ಅವಸರ ಮಾಡಿಲ್ಲ, ಬಿಲ್ಡಪ್ಪನ್ನ ನಂಬಿಕೊಂಡಿಲ್ಲ. ಮುಖಗಳನ್ನ ನಂಬಿದ್ದಾರೆ.

ಸ್ಲೋ, ಬರೀ ಮಾತು ಅಂತೀರಾ? ಹೌದು, ಮಾತೇ. ಸಾವು ಪಕ್ಕದಲ್ಲೇ ಕೂತಿರೋವಾಗ ಆಡೋ ಮಾತು. ಅದು ಬೋರ್ ಹೊಡೆಯುತ್ತೆ ಅನ್ನೋರ ಜೊತೆ ನಾನು ವಾದಕ್ಕೆ ಇಳಿಯಲ್ಲ.

ನಾನು ಶ್ರೀರಾಮಪುರದಲ್ಲಿ ಬೆಳೆದವನು, ನಿಮಗೆ ಗೊತ್ತು. ನಮ್ಮ ವಠಾರದಲ್ಲಿ ಒಬ್ಬ ಅಣ್ಣ ಇದ್ದ, ರೌಡಿ ಶೀಟರ್. ನಮಗೆಲ್ಲ ಹೀರೋ. ಒಂದು ಭಾನುವಾರ ಕಟಿಂಗ್ ಶಾಪಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಕನ್ನಡಿಯಲ್ಲಿ ಅವನು ಒಂದು ಸಲವೂ ತನ್ನ ಮುಖ ನೋಡಿಕೊಳ್ಳಲಿಲ್ಲ. ನೋಡ್ತಿದ್ದದ್ದು ಹಿಂದಿನ ಬಾಗಿಲು. ಹೊರಗಡೆ ಬೈಕ್ ನಿಂತ ಸದ್ದಾದ್ರೆ ಹೊದಿಸಿದ ಬಟ್ಟೆಯೊಳಗೆ ಅವನ ಕೈ ಬಿಗಿಯಾಗ್ತಿತ್ತು. ಲಾಂಗು ಮಚ್ಚು ಎಷ್ಟೋ ಸಿನಿಮಾದಲ್ಲಿ ನೋಡಿದೀನಿ. ಆ ಬಾಗಿಲು ನೋಡೋ ಬದುಕು ಇಷ್ಟು ಹತ್ತಿರದಿಂದ ಕಂಡಿದ್ದು ‘ಎದೆಗಾರಿಕೆ’ಯಲ್ಲಿ ಮಾತ್ರ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ರಿಲೀಸ್ ಆದಾಗ ನಾನೂ ಥಿಯೇಟರಿಗೆ ಹೋಗಿರಲಿಲ್ಲ. ಪೋಸ್ಟರ್ ನೋಡಿ ಇನ್ನೊಂದು ಮಚ್ಚಿನ ಸಿನಿಮಾ ಅಂದ್ಕೊಂಡು ಮುಂದೆ ಹೋದೆ. ಎಷ್ಟೋ ವರ್ಷ ಆದ್ಮೇಲೆ ಮನೇಲಿ ನೋಡಿದೆ. ಆ ನೋವು ಇವತ್ತಿಗೂ ಹೋಗಿಲ್ಲ, ಅದಕ್ಕೇ ಬೆಳಗ್ಗೆ ಅಷ್ಟು ಉರಿದಿದ್ದು.

ಆ ಹುಡುಗ ಹೆಸರನ್ನ ಮೊಬೈಲಲ್ಲಿ ಬರ್ಕೊಂಡ. ನೀವೂ ಬರ್ಕೊಳ್ಳಿ. ಇಲ್ಲಾಂದ್ರೆ ಶನಿವಾರ ರಾತ್ರಿ ನಮ್ಮನೆಗೆ ಬನ್ನಿ, ಹಾಕ್ತೀನಿ. ಊಟ ಇಲ್ಲೇ. ಸಿನಿಮಾ ಮುಗಿಯೋವರೆಗೂ ಯಾರೂ ಫೋನ್ ಮುಟ್ಟಂಗಿಲ್ಲ.