ಒಂದು ಗಂಟೆಯ ದಾರಿ ಯಾರ ಲೆಕ್ಕ?

ನಿವೃತ್ತರು ಹಳ್ಳಿಗೆ ಹೋಗಿ ನೆಲೆಸಲಿ, ಆಸ್ಪತ್ರೆ ಒಂದು ಗಂಟೆಯ ದಾರಿಯಲ್ಲಿದ್ದರೆ ಸಾಕು ಎಂದು ನಿವೃತ್ತಿಯ ಬದುಕಿನ ಕುರಿತ ಲೇಖನವೊಂದರಲ್ಲಿ ಓದಿದೆ. ಲೇಖಕರ ಈ ಮಾತನ್ನು ಒಪ್ಪಲಾರೆ. ಅದು 60ರ ವಯಸ್ಸಿನಲ್ಲಿ ತಾವೇ ಕಾರು ಓಡಿಸುವವರ ಲೆಕ್ಕ. 80ರಲ್ಲಿ ಓಡಿಸುವವರು ಯಾರು? ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಿಂದ ನನ್ನ ಮಾವನವರಿಗೆ ಅಕ್ಕಪಕ್ಕದ ದೃಷ್ಟಿ ಕುಂದಿತು. ಕಾರಿನ ಕೀಲಿಯನ್ನು ನಮ್ಮ ಕೈಗಿಟ್ಟ ಮೇಲೆ ಅವರು ಇಷ್ಟಪಟ್ಟು ಕಟ್ಟಿಸಿದ ತೋಟದ ಮನೆಯಲ್ಲೇ ಬಂದಿಯಾದರು.

ಇನ್ನು ಪಾರ್ಶ್ವವಾಯುವಿನ ಮಾತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಹಾಗಾಗಿ ಆಸ್ಪತ್ರೆಯ ಫಲಕ ನೋಡಿ ಸಮಾಧಾನಪಡಬೇಡಿ. ನಡುರಾತ್ರಿ ಅಲ್ಲಿ ಸ್ಕ್ಯಾನ್ ಮಾಡುವವರಿದ್ದಾರೆಯೇ ಎಂದು ವಿಚಾರಿಸಿ. (ಮನೆ ತೋರಿಸುವ ದಲ್ಲಾಳಿ ಇದನ್ನೆಲ್ಲ ಹೇಳುವುದಿಲ್ಲ.)

ಮಹಾನಗರವೇ ಬೇಕೆಂದು ನನ್ನ ವಾದವಲ್ಲ. ಔಷಧದ ಅಂಗಡಿ, ಬ್ಯಾಂಕು, ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದಾದ ಸಣ್ಣ ಪಟ್ಟಣವಾದರೂ ಸಾಕು. ಹಳ್ಳಿಯಲ್ಲಿ ನೆರೆಹೊರೆಯ ಒಡನಾಟ ಸಿಗುತ್ತದೆ ಎಂದು ಲೇಖನದಲ್ಲಿ ಬರೆದಿರುವುದು ನಿಜವೇ. ಆದರೆ ಅದು ಬೆಳೆಯಲು ವರ್ಷಗಳೇ ಬೇಕು; ಯಾವ ವಯಸ್ಸಿನಲ್ಲಿ ಊರು ಬದಲಿಸಬೇಕೆಂಬುದರ ಬಗ್ಗೆ ಮಾತ್ರ ಲೇಖಕರು ಒಂದು ಸಾಲನ್ನೂ ಬರೆದಿಲ್ಲ.