ಎಷ್ಟು ಗಂಟೆ ಆಟ?

ನಿನ್ನೆ ರಾತ್ರಿ 'ಎ ಶಾರ್ಟ್ ಹೈಕ್' ಅನ್ನುವ ವಿಡಿಯೋ ಗೇಮ್ ಮುಗಿಸಿದೆ. ಮುಗಿದ ಮೇಲೂ ಕಂಟ್ರೋಲರ್ ಕೆಳಗಿಡಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಅದೇ ಖುಷಿಯಲ್ಲಿ ಗೆಳೆಯನೊಬ್ಬನಿಗೆ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಗಂಟೆ ಆಟ?"

"ಒಂದೂವರೆ, ಎರಡು ಗಂಟೆ ಇರಬಹುದು" ಅಂದೆ.

"ಅಷ್ಟೇನಾ?"

ಆ 'ಅಷ್ಟೇನಾ' ಬೆಳಿಗ್ಗೆಯಿಂದ ತಲೆಯಿಂದ ಇಳಿಯುತ್ತಿಲ್ಲ. ಅವನ ಮೇಲೆ ಕೋಪ ಇಲ್ಲ. ಆದರೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಗೇಮ್ ಅಂದರೆ ಅಳತೆ ಹಾಕಿ ಕೊಳ್ಳುವ ಬಟ್ಟೆಯಾ? ಅದರೊಳಗೆ ಯಾರಿದ್ದಾರೆ ಅಂತ ಯಾರೂ ಯಾಕೆ ಕೇಳುವುದಿಲ್ಲ?

ಇದರೊಳಗೆ ಕ್ಲೇರ್ ಇದ್ದಾಳೆ. ಪುಟ್ಟ ಹಕ್ಕಿ. ಚಿಕ್ಕಮ್ಮನ ಜೊತೆ ಒಂದು ದ್ವೀಪಕ್ಕೆ ಬಂದಿದ್ದಾಳೆ. ಒಂದು ಮುಖ್ಯವಾದ ಫೋನ್ ಬರಬೇಕು, ಆದರೆ ಅಲ್ಲಿ ಸಿಗ್ನಲ್ ಇಲ್ಲ. ಬೆಟ್ಟದ ತುದಿಗೆ ಹೋದರೆ ಸಿಗುತ್ತದೆ. ಅಷ್ಟೇ ಕಥೆ. ಹತ್ತುವ ದಾರಿಯಲ್ಲಿ ಯಾರೋ ಒಬ್ಬರು ತಲೆಪಟ್ಟಿ ಕಳೆದುಕೊಂಡಿರುತ್ತಾರೆ, ಇನ್ಯಾರೋ ಮರಳಿನಲ್ಲಿ ಕೋಟೆ ಕಟ್ಟುತ್ತಿರುತ್ತಾರೆ. ನಾನು ಅವರ ಜೊತೆ ಮಾತಾಡುತ್ತಾ, ಮೀನು ಹಿಡಿಯುತ್ತಾ, ಸುಮ್ನೆ ಹಾರುತ್ತಾ ಆ ಫೋನಿನ ವಿಷಯವನ್ನೇ ಮರೆತೆ.

(ಆಡದೇ ಇರುವವರು ಮುಂದಿನ ಪ್ಯಾರಾ ಬಿಟ್ಟು ಓದಿ, ದಯವಿಟ್ಟು.)

ತುದಿ ತಲುಪಿದಾಗ ಫೋನ್ ಬರುತ್ತದೆ. ಅಮ್ಮ. ಅವಳಿಗೆ ಆಪರೇಷನ್ ಆಗಿದೆ, ಈಗ ಪರವಾಗಿಲ್ಲ ಅನ್ನುತ್ತಾಳೆ. ನನಗೆ ಅಲ್ಲಿ ಒಮ್ಮೆಲೇ ತಿಳಿಯಿತು, ಇಷ್ಟು ಹೊತ್ತು ಈ ಹುಡುಗಿ ಈ ಭಯವನ್ನು ಹೊತ್ತುಕೊಂಡೇ ಹತ್ತುತ್ತಿದ್ದಳು. ನನ್ನ ಅಲೆದಾಟ ನನಗೆ ಆಟವಾಗಿತ್ತು. ಅವಳಿಗೆ ಅದು ಆ ಫೋನನ್ನು ಸ್ವಲ್ಪ ಹೊತ್ತು ದೂರ ಇಡುವ ದಾರಿಯೂ ಆಗಿತ್ತೇನೋ. ಯಾರೂ ಹಾಗಂತ ಬಾಯಿಬಿಟ್ಟು ಹೇಳುವುದಿಲ್ಲ. ಆಮೇಲೆ ಮೇಲಕ್ಕೆ ಒಂದು ಗಾಳಿ ಏಳುತ್ತದೆ, ಕ್ಲೇರ್ ಹಾರುತ್ತಾಳೆ, ಅಲೆದ ದ್ವೀಪವೆಲ್ಲ ಕೆಳಗೆ ಕಾಣುತ್ತದೆ. ನಾನು ಅತ್ತೆ.

2019ರಲ್ಲಿ ಬಂದ ಗೇಮ್ ಇದು. ಮಾಡಿದವರು ಆಡಮ್ ರಾಬಿನ್ಸನ್-ಯು. ಎರಡು ಗಂಟೆ. ಹೌದು, ಅಷ್ಟೇ.

'ಫ್ಲಾರೆನ್ಸ್' ಅನ್ನುವ ಗೇಮ್ ಇನ್ನೂ ಚಿಕ್ಕದು, ಒಂದು ಗಂಟೆಯೂ ಬೇಡ. 2018ರದ್ದು. ಫ್ಲಾರೆನ್ಸ್ ಮತ್ತು ಕ್ರಿಶ್ ಮೊದಲ ಸಲ ಭೇಟಿಯಾದಾಗ, ಅವಳ ಪ್ರತಿ ಮಾತಿಗೂ ನಾವು ಜಿಗ್ಸಾ ಪಜಲ್ ಹಾಗೆ ಚೂರುಗಳನ್ನು ಜೋಡಿಸಬೇಕು. ಮೊದಮೊದಲು ಚೂರುಗಳು ಜಾಸ್ತಿ. ಸಲಿಗೆ ಬೆಳೆದಂತೆ ಕಡಿಮೆಯಾಗುತ್ತವೆ, ಮಾತು ತಾನಾಗಿ ಬರುತ್ತದೆ. ಜಗಳದ ಹೊತ್ತಿಗೆ ಅದೇ ಚೂರುಗಳಿಗೆ ಮೊನೆ ಬಂದಿರುತ್ತದೆ. ಹತ್ತಿರವಾಗುವುದು ಅಂದರೆ ಏನು ಅಂತ ಬೆರಳಿಗೇ ಹೇಳಿಕೊಟ್ಟಿದ್ದಾರೆ. ಆ ದೃಶ್ಯಗಳಲ್ಲಿ ಒಂದು ಸಾಲು ಡೈಲಾಗ್ ಇಲ್ಲದೆ!

ಬೇಸಾಯದ ಗೇಮ್ 'ಸ್ಟಾರ್ಡ್ಯೂ ವ್ಯಾಲಿ' ಗೊತ್ತಿಲ್ಲದವರು ಇಲ್ಲಿ ಕಡಿಮೆ. ಎರಿಕ್ ಬ್ಯಾರೋನ್ ಸುಮಾರು ನಾಲ್ಕೂವರೆ ವರ್ಷ ಒಬ್ಬರೇ ಕೂತು ಚಿತ್ರ, ಸಂಗೀತ, ಕೋಡ್, ಮಾತು ಎಲ್ಲ ಮಾಡಿ 2016ರಲ್ಲಿ ಹೊರತಂದರು. ಅದರಲ್ಲಿ ಕೆಂಟ್ ಇದ್ದಾನೆ. ಮೊದಲ ವರ್ಷ ಅವನು ಊರಲ್ಲೇ ಇರುವುದಿಲ್ಲ, ಯುದ್ಧಕ್ಕೆ ಹೋಗಿರುತ್ತಾನೆ. ಎರಡನೇ ವರ್ಷ ಬರುತ್ತಾನೆ. ಒಂದು ದಿನ ಹೆಂಡತಿ ಅಡುಗೆಮನೆಯಲ್ಲಿ ಪಾಪ್‌ಕಾರ್ನ್ ಮಾಡುತ್ತಾಳೆ. ಆ ಸದ್ದು ಅವನಿಂದ ತಡೆಯಲು ಆಗುವುದಿಲ್ಲ. ಬೆಳೆ ಬೆಳೆದು ಮಾರುವ ಗೇಮ್‌ನಲ್ಲಿ ಈ ದೃಶ್ಯ ಇಲ್ಲದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ಬರೆದಿದ್ದಾರೆ.

"ದೊಡ್ಡ ಗೇಮ್‌ಗಳಲ್ಲೂ ಒಳ್ಳೆ ಪಾತ್ರಗಳಿವೆ, ಚಿಕ್ಕ ಗೇಮ್‌ಗಳಲ್ಲೂ ಬರೀ ನಕಲು ಬೇಕಾದಷ್ಟಿವೆ" ಅಂತ ಹೇಳುವವರಿದ್ದೀರಿ. ಎರಡೂ ನಿಜ. ನಾನೂ ಆಡಿದ್ದೇನೆ. ಆದರೆ ಎಷ್ಟೋ ದೊಡ್ಡ ಗೇಮ್‌ಗಳಲ್ಲಿ ಕಟ್‌ಸೀನ್‌ನಲ್ಲಿ, ಅಂದರೆ ನಾವು ಆಡದೆ ಸುಮ್ನೆ ನೋಡುವ ದೃಶ್ಯದಲ್ಲಿ, ಒಬ್ಬನ ಸಾವಿಗೆ ಅತ್ತ ಹೀರೋ, ಕಣ್ಣು ಒರೆಸಿಕೊಂಡು ಮರುಕ್ಷಣ ನಲವತ್ತು ಜನರನ್ನು ಕೊಲ್ಲುತ್ತಾನೆ. ಅತ್ತಿದ್ದು ಅವನು, ಕೊಂದಿದ್ದು ನಾನು. ಇಬ್ಬರಿಗೂ ಪರಿಚಯವೇ ಇಲ್ಲ. ನೂರು ಗಂಟೆ ಜೊತೆಗಿದ್ದರೂ ಆ ಹೀರೋನ ಹೆಸರು ಮರೆತುಹೋಗುತ್ತದೆ.

ಆದರೆ 'ಪೇಪರ್ಸ್, ಪ್ಲೀಸ್' ಗೇಮ್‌ನ ಒಬ್ಬ ಹೆಂಗಸನ್ನು ನಾನು ಮರೆತಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ.

ಲೂಕಾಸ್ ಪೋಪ್ ಮಾಡಿದ ಗೇಮ್, 2013. ಗಡಿಯಲ್ಲಿ ಕೂತು ಬಂದವರ ಕಾಗದ ಪತ್ರ ನೋಡಿ ಒಳಗೆ ಬಿಡುವುದೋ ಬೇಡವೋ ಅಂತ ಮುದ್ರೆ ಒತ್ತುವುದು ನಮ್ಮ ಕೆಲಸ. ಮನೆಯಲ್ಲಿ ಸಂಸಾರ ಇದೆ, ಬಾಡಿಗೆ, ಊಟ, ಚಳಿಗೆ ಬಿಸಿ ಎಲ್ಲಕ್ಕೂ ದುಡ್ಡು ಬೇಕು. ಒಂದು ದಿನ ಒಬ್ಬ ಗಂಡಸು ಬಂದ. ಅವನ ಕಾಗದ ಎಲ್ಲ ಸರಿ ಇತ್ತು. ಹೋಗುವಾಗ, ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ಸ್ವಲ್ಪ ಕರುಣೆ ಇರಲಿ ಅಂದ. ಅವಳು ಬಂದಳು. ಪ್ರವೇಶ ಪತ್ರ ಇರಲಿಲ್ಲ. ವಾಪಸ್ ಹೋದರೆ ನನ್ನನ್ನು ಕೊಲ್ಲುತ್ತಾರೆ ಅಂದಳು.

ನಾನು ಕೆಂಪು ಮುದ್ರೆ ಒತ್ತಿದೆ.

ಆ ಗೇಮ್‌ನಲ್ಲಿ ದಿನದ ಮೊದಲ ಎರಡು ತಪ್ಪಿಗೆ ದಂಡ ಇಲ್ಲ. ಬರೀ ಎಚ್ಚರಿಕೆ ಚೀಟಿ ಬರುತ್ತದೆ. ಅವತ್ತು ನಾನು ಒಂದು ತಪ್ಪೂ ಮಾಡಿರಲಿಲ್ಲ. ಅವಳನ್ನು ಬಿಟ್ಟಿದ್ದರೆ ನನ್ನದೇನೂ ಹೋಗುತ್ತಿರಲಿಲ್ಲ. ಆ ಯಂತ್ರದಿಂದ ಚೀಟಿ ಬರುವ ಸದ್ದು ಕೇಳಬಾರದು ಅಂತ ಅವಳನ್ನು ವಾಪಸ್ ಕಳಿಸಿದೆ. ಒಳಗೆ ಅವಳ ಗಂಡ ಕಾಯುತ್ತಿದ್ದ. ಅವಳು ತೆರೆಯ ಮೇಲೆ ಇದ್ದದ್ದು ಒಂದು ನಿಮಿಷವೂ ಅಲ್ಲ, ಮಾತು ನಾಲ್ಕೋ ಐದೋ ಸಾಲು. ಮುಖ ಅಂದರೆ ದೊಡ್ಡ ದೊಡ್ಡ ಚುಕ್ಕೆಗಳು. ವರ್ಷಗಳಾದರೂ ಆ ಮುಖ ನನಗೆ ನೆನಪಿದೆ. ನಾನು ಎಂಥವನು ಅಂತ ನನಗೆ ತೋರಿಸಿದ ಪಾತ್ರ ಅವಳು. ಅವಳನ್ನು ಎಷ್ಟು ಗಂಟೆ ಅಂತ ಅಳೆಯಲಿ ಹೇಳಿ?

ಬೆಳಿಗ್ಗೆ ಗೆಳೆಯನಿಗೆ ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಬರೆದಿದ್ದೇನೆ, ಅವನು ಓದುತ್ತಾನೆ.

ಆ ಗೇಮ್‌ನಲ್ಲಿ ಹಳೆಯ ದಿನಕ್ಕೆ ಹಿಂದೆ ಹೋಗಿ ಅಲ್ಲಿಂದ ಮತ್ತೆ ಆಡಬಹುದು. ನಾನು ಇಷ್ಟು ವರ್ಷ ಹೋಗಿರಲಿಲ್ಲ. ಇವತ್ತು ರಾತ್ರಿ ಆ ದಿನಕ್ಕೆ ಹೋಗುತ್ತೇನೆ. ಚೀಟಿ ಬಂದರೆ ಬರಲಿ.