ಮರಳುವುದು ಬೇರೆ ಪೀಳಿಗೆ

ಪೇಂಟೆಡ್ ಲೇಡಿ ಚಿಟ್ಟೆಗಳು ವಸಂತದಲ್ಲಿ ಆಫ್ರಿಕಾದಿಂದ ಯುರೋಪಿಗೆ ಬರುವುದನ್ನು, ಅವುಗಳ ವಲಸೆಯ ಕುರಿತು ನಿಮ್ಮಲ್ಲಿ ಪ್ರಕಟವಾದ ಲೇಖನ ಸೊಗಸಾಗಿ ವಿವರಿಸಿದೆ. ಆದರೆ ಅವುಗಳ ಸಂತತಿಯೆಲ್ಲ ಅಲ್ಲಿಯೇ ಚಳಿಗೆ ಸಿಕ್ಕಿ ಅಳಿದುಹೋಗುತ್ತದೆ ಎಂಬ ಮಾತನ್ನು ಒಪ್ಪಲಾಗದು. ಶರತ್ಕಾಲದಲ್ಲಿ ದಕ್ಷಿಣಕ್ಕೆ ಹಿಂದಿರುಗುವ ಚಿಟ್ಟೆಗಳು ನೆಲದ ಮೇಲಿದ್ದವರ ಕಣ್ಣಿಗೆ ಬೀಳದಿದ್ದ ಕಾರಣ ವಿಜ್ಞಾನಿಗಳಲ್ಲಿಯೂ ಬಹುಕಾಲ ಈ ಸಂದೇಹವಿತ್ತು. 2009ರ ಭಾರಿ ವಲಸೆಯನ್ನು ಸಾವಿರಾರು ಹವ್ಯಾಸಿ ವೀಕ್ಷಕರ ದಾಖಲೆಗಳು ಮತ್ತು ಬ್ರಿಟನ್ನಿನ ಕೀಟ ರಾಡಾರ್‌ಗಳ ನೆರವಿನಿಂದ ಪರಿಶೀಲಿಸಿದಾಗ, ಅವು ಸರಾಸರಿ 500 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಅನುಕೂಲವಾದ ಗಾಳಿಯನ್ನು ಹಿಡಿದು ಮರಳುತ್ತಿದ್ದುದು ಖಚಿತವಾಯಿತು. ಹಾಗೆ ಮರಳುವುದು ಹೊರಟುಬಂದ ಚಿಟ್ಟೆಯಲ್ಲ, ಎಷ್ಟೋ ಪೀಳಿಗೆಗಳ ನಂತರ ಹುಟ್ಟಿದ್ದು. ದಾರಿಯನ್ನು ಎಂದೂ ಕಾಣದ ಜೀವವೊಂದು ದಿಕ್ಕು ತಪ್ಪದೆ ಸಹಾರಾ ದಾಟುವುದೇ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ವಿಸ್ಮಯಕರವಾಗಿ ತೋರುತ್ತದೆ.

2013ರ ಅಕ್ಟೋಬರಿನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕಡಲತೀರದಲ್ಲಿ, ರೆಕ್ಕೆಯಂಚು ಹರಿದು ತೂತುಬಿದ್ದು ಮರಳಿನ ಮೇಲೆ ಕುಳಿತಿದ್ದ ಕೆಲವು ಪೇಂಟೆಡ್ ಲೇಡಿಗಳನ್ನು ಸಂಶೋಧಕರು ಕಂಡ ಸಂಗತಿಯನ್ನೂ ಲೇಖನದಲ್ಲಿ ಸೇರಿಸಬೇಕಿತ್ತು. ಅವುಗಳ ಮೈಗೆ ಅಂಟಿದ್ದ ಪರಾಗದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬೆಳೆಯುವ, ನಮ್ಮ ಎಲಚಿಯ ಕುಲಕ್ಕೇ ಸೇರಿದ ಗಿಡವೊಂದರ ಪರಾಗವೂ ಇತ್ತು. ಗಾಳಿಯ ದಿಕ್ಕು ಮತ್ತು ವಂಶವಾಹಿಗಳ ಪರೀಕ್ಷೆಯನ್ನೂ ಸೇರಿಸಿ, ಅವು ಅಟ್ಲಾಂಟಿಕ್ ಮೇಲೆ 4,200 ಕಿ.ಮೀ.ಗೂ ಹೆಚ್ಚು ದೂರ ಹಾರಿ ಬಂದಿದ್ದವೆಂದು 2024ರಲ್ಲಿ ಪ್ರಕಟಿಸಲಾಯಿತು.